ನಿಲ್ಲಿಸುವ ಬಟನ್ ನನ್ನ ಕೈಯಲ್ಲಿ

ಜನವರಿ 8, ಬುಧವಾರ

ಇವತ್ತೂ ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಎಂಟೂವರೆಗೆ ಠಾಣೆ. ವೈರ್‌ಲೆಸ್ ರೂಮಿನ ಮೂಲೆಗೆ ಹೊಸ ಕಂಪ್ಯೂಟರ್ ಬಂದಿದೆ. ಅದರ ಮುಂದೆ ಚಕ್ರದ ಕುರ್ಚಿ. ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ನನಗೆ ಸಿಕ್ಕ ಮೊದಲ ಚಕ್ರದ ಕುರ್ಚಿ. ಯಾರೂ ಇಲ್ಲದಾಗ ಎರಡು ಸುತ್ತು ತಿರುಗಿ ನೋಡಿದೆ. ಚೆನ್ನಾಗಿದೆ.

ಕಾಫಿ ಕೊಯ್ಲಿನ ಕಾಲ. ಕಣದಿಂದ, ಗೋಡೌನಿನಿಂದ ಮೂಟೆ ಕದ್ದು ಪಿಕಪ್‌ಗೆ ತುಂಬಿ ಘಾಟಿ ಇಳಿಸಿಬಿಡುತ್ತಾರೆ. ಎಷ್ಟೋ ಸಲ ಆ ಪಿಕಪ್ ಕೂಡ ಕದ್ದದ್ದೇ. ಬೆನ್ನಟ್ಟಿದರೆ ತಿರುವಿನಲ್ಲಿ ಯಾರದ್ದೋ ಪ್ರಾಣ ಹೋಗುತ್ತದೆ — ಅವರದ್ದು, ಇಲ್ಲವೇ ನಮ್ಮವರದ್ದು. ಅದಕ್ಕೇ ಈ ಪ್ರಯೋಗ. ಗಾಡಿಯೊಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಅದರಲ್ಲೊಂದು ಸಿಮ್. ಗಾಡಿ ಎಲ್ಲಿದೆ, ಸ್ಪೀಡ್ ಎಷ್ಟು, ಇಂಜಿನ್ ಆನೋ ಆಫೋ, ಎಲ್ಲ ನನ್ನ ಪರದೆಯ ಮೇಲೆ. ಕದ್ದು ಓಡುತ್ತಿದ್ದರೆ ಇಲ್ಲಿಂದ ಕೆಂಪು ಬಟನ್ ಒತ್ತಬೇಕು. ಅಲ್ಲಿ ಡೀಸೆಲ್ ಬಂದ್.

ಎಸ್‌ಐ ಚನ್ನಬಸವ ಸಾಹೇಬರು ಹೇಳಿದರು, "ಬಟನ್ ನಿಮ್ದು ರುದ್ರಾಣಿ ಮೇಡಂ, ಪರ್ಮಿಷನ್ ನಂದು." ಅವರ ಮೊಬೈಲಿಗೆ ಒಂದು ನಂಬರ್ ಬರುತ್ತದೆ, ಅದನ್ನು ಹಾಕಿದರೆ ಮಾತ್ರ ಬಟನ್ ಕೆಲಸ ಮಾಡುತ್ತದೆ. ಒಳ್ಳೆಯದೇ ಆಯಿತು. ಬೈಸಿಕೊಳ್ಳುವುದೂ ಅರ್ಧರ್ಧ.

ತೊಂದರೆ ಏನೆಂದರೆ ಪೆಟ್ಟಿಗೆ ಹಾಕಿಸಿಕೊಳ್ಳಲು ಒಬ್ಬರೂ ತಯಾರಿಲ್ಲ. ಪಿಕಪ್, ಜೀಪಿನವರ ಸಂಘದ ಅಧ್ಯಕ್ಷರು ನೇರವಾಗಿ ಕೇಳಿದರು, "ಘಾಟೀಲಿ ಹೋಗ್ತಿರ್ತೀವಿ, ನೀವು ಇಲ್ಲಿ ಕೂತು ಆಫ್ ಮಾಡಿದ್ರೆ ನಮ್ಮ ಗತಿ ಏನು ಸಾರ್?" ಸಾಹೇಬರು ನನ್ನ ಕಡೆ ನೋಡಿದರು. ನಮ್ಮ ಮನೆಯಲ್ಲಿ ಒಂದು ಪಿಕಪ್ ಇರುವುದು ಅವರಿಗೆ ಗೊತ್ತು.

ಜನವರಿ 9, ಗುರುವಾರ

ಗಂಡ ಹಾಲೇಶ್‌ಗೆ ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು, ನಮ್ಮ ಪಿಕಪ್‌ಗೆ ಪೆಟ್ಟಿಗೆ ಹಾಕಿಸೋಣವಾ ಎಂದು ಮೆತ್ತಗೆ ಕೇಳಿದೆ. ಇವರು ಲೋಟ ಕೆಳಗಿಟ್ಟರು.

"ನನ್ನ ಗಾಡಿ ಕೀ ನಿನ್ನ ಆಫೀಸಲ್ಲಾ? ಆಗ್ಲಿಕ್ಕಿಲ್ಲ ಮಾರಾಯ್ತಿ."

"ಕೀ ನಿಮ್ಮತ್ರನೇ ಇರುತ್ತೆ ರೀ. ಕದ್ದರೆ ಮಾತ್ರ..."

"ಕದಿಯೋದು ಬಿಡು. ಬೆಳಗ್ಗೆ ನಮ್ಮಿಬ್ರಿಗೆ ಜಗಳ ಆದ್ರೆ?"

ಅದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಯೋಚನೆ.

ಜಗಲಿಯಿಂದ ಮಾವ ನಕ್ಕರು. ಚಂದ್ರಶೇಖರಪ್ಪ ಎಂದರೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಹಳಬರಿಗೆಲ್ಲ ಗೊತ್ತು. ನಲವತ್ತು ವರ್ಷ ಚಾರ್ಮಾಡಿ ಘಾಟಿಯಲ್ಲಿ ಜೀಪ್ ಓಡಿಸಿದವರು. ಈಗ ಎಪ್ಪತ್ತನಾಲ್ಕು. ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಬಲಗಣ್ಣಿನದು ಬಾಕಿ. ಲೈಸೆನ್ಸ್ ಮುಗಿದು ಎರಡು ವರ್ಷ. ಅವತ್ತಿನಿಂದ ಇವರು ಅಪ್ಪನ ಕೈಗೆ ಕೀ ಕೊಡುವುದಿಲ್ಲ. ಅಪ್ಪ ಕೇಳುವುದೂ ಇಲ್ಲ. ಆದರೆ ಗಾಡಿ ಹೊರಡುವಾಗಲೆಲ್ಲ ಗೇಟಿನವರೆಗೆ ಹೋಗಿ ನಿಂತು ಸದ್ದು ಕೇಳುತ್ತಾರೆ.

"ನಮ್ ಕಾಲದಲ್ಲಿ ಇಂಜಿನ್ ನಾವೇ ಆಫ್ ಮಾಡ್ತಿದ್ವು," ಅಂದರು. "ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಸಿ, ಕೈ ಮುಗಿದು, ಕೀ ತಿರುಗಿಸಿ ನ್ಯೂಟ್ರಲ್‌ಗೆ ಬಿಟ್ರೆ ಕೆಳಗಿನ ಚೆಕ್‌ಪೋಸ್ಟ್ ತನಕ ಒಂದು ಹನಿ ಡೀಸೆಲ್ ಬೇಡ. ಜೀಪ್ ತನ್ನಷ್ಟಕ್ಕೆ ಇಳಿಯೋದು."

ಘಾಟಿಯ ಹಳೇ ಡ್ರೈವರುಗಳೆಲ್ಲ ಹೀಗೇ. ಉಳಿಸಿದ ಡೀಸೆಲ್ಲಿನ ಕತೆ ಶುರುವಾದರೆ ಊಟದ ಹೊತ್ತಾದರೂ ಮುಗಿಯುವುದಿಲ್ಲ. ಅವರ ಕತೆ ಮುಗಿಯುವಷ್ಟರಲ್ಲಿ ಇವರು ಬೇಸತ್ತು, "ಹಾಕ್ಸು ಹೋಗು" ಅಂದುಬಿಟ್ಟರು. ಮಾವನಿಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದೆ.

ಜನವರಿ 11, ಶನಿವಾರ

ಬೆಂಗಳೂರಿನಿಂದ ಇಂಜಿನಿಯರ್ ಮೋಹಿತ್ ಬಂದು ಪೆಟ್ಟಿಗೆ ಕೂರಿಸಿದ. ಠಾಣೆಯ ಕಿಟಕಿಯೆದುರಿನ ಮೈದಾನದಲ್ಲಿ ಪರೀಕ್ಷೆ. ಇವರು ಗಾಡಿ ಓಡಿಸಿದರು, ಸಾಹೇಬರು ನಂಬರ್ ಓದಿದರು, ನಾನು ಒತ್ತಿದೆ. ಗಾಡಿ ಕೆಮ್ಮಿ ನಿಂತಿತು. ಕೆಳಗಿಳಿದ ಹಾಲೇಶ್ ನನ್ನ ಕಡೆ ನೋಡಿದ ನೋಟ... ಮದುವೆಯಾದ ದಿನ ಕೂಡ ನನಗೆ ಅಷ್ಟು ಹೆದರಿರಲಿಲ್ಲ.

ಮೋಹಿತ್ ಹೇಳಿದ್ದು ಬರೆದಿಟ್ಟುಕೊಂಡಿದ್ದೇನೆ. ಸ್ಪೀಡ್ ಇಪ್ಪತ್ತಕ್ಕಿಂತ ಕಡಿಮೆಯಾಗುವವರೆಗೆ ಪೆಟ್ಟಿಗೆ ಡೀಸೆಲ್ ನಿಲ್ಲಿಸುವುದಿಲ್ಲ. ಆದರೆ ಇಂಜಿನ್ ಆಫ್ ಇದ್ದಾಗ ಆರ್ಡರ್ ಹೋದರೆ, ಸ್ಪೀಡ್ ಎಷ್ಟೇ ಇರಲಿ, ಆಮೇಲೆ ಕೀ ತಿರುಗಿಸಿದರೂ ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಈಗಿನ ಗಾಡಿಗಳಲ್ಲಿ ಇಂಜಿನ್ ನಿಂತರೆ ಬ್ರೇಕಿಗೆ ಬಲ ಇರುವುದಿಲ್ಲ. ನನ್ನನ್ನೇ ಸೀಟಿನಲ್ಲಿ ಕೂರಿಸಿ ತೋರಿಸಿದ. ಎರಡು ಸಲ ಪೆಡಲ್ ಒತ್ತಿದೆ, ಒಳಗೆ ಹೋಯಿತು. ಮೂರನೆಯ ಸಲ ಕಲ್ಲು. ಎರಡೂ ಕಾಲಲ್ಲಿ ತುಳಿದರೂ ಅಲ್ಲಾಡಲಿಲ್ಲ. ಸ್ಟೀರಿಂಗೂ ಅಷ್ಟೇ.

ಮನೆಗೆ ಬಂದು ಮಾವನಿಗೆ ಹೇಳಿದೆ. "ಹಂಗಾದ್ರೆ ಅದು ಗಾಡಿಯೇ ಅಲ್ಲ ಬಿಡು" ಅಂದು ಎದ್ದು ಹೋದರು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಬೆಳಗ್ಗೆ ಎಳ್ಳು-ಬೆಲ್ಲ ಹಂಚಿ ಡ್ಯೂಟಿಗೆ ಬಂದೆ. ಇಡೀ ತಾಲ್ಲೂಕಿಗೆ ನನ್ನ ಪರದೆಯ ಮೇಲೆ ಒಂದೇ ಹಸಿರು ಚುಕ್ಕಿ. ಅದು ನನ್ನ ಗಂಡ. ಬಾಳೂರು ಕಡೆ ಹೋಯಿತು, ಜಾವಳಿಯಲ್ಲಿ ನಿಂತಿತು, ವಾಪಸ್ ಬಂತು. ನೋಡುತ್ತಾ ಕೂತರೆ ಏನೋ ಸಮಾಧಾನ. ಇಷ್ಟು ವರ್ಷ ಈ ಮನುಷ್ಯ ದಿನವಿಡೀ ಎಷ್ಟು ಓಡಾಡುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಜನವರಿ 22, ಬುಧವಾರ

ಕೊಟ್ಟಿಗೆಹಾರದ ಹೋಟೆಲ್ ಮುಂದೆ ಚುಕ್ಕಿ ಇಪ್ಪತ್ತೆರಡು ನಿಮಿಷ ನಿಂತಿತ್ತು. ಸಂಜೆ ಕೇಳಿದೆ. "ಟೈರ್ ನೋಡ್ತಿದ್ದೆ." ಟೈರ್ ನೋಡಿ ಬಂದವರ ಅಂಗಿಯ ಮೇಲೆ ಬೆಲ್ಲ-ಕಾಯಿಹಾಲಿನ ಕಲೆ. ನೀರುದೋಸೆ! ಶುಗರ್ ಇನ್ನೂರು ದಾಟಿದೆ, ಗೊತ್ತಲ್ಲ? ಹೀಗೇ ಆದರೆ ಹೋಟೆಲ್ ಮುಂದೆ ಬಟನ್ ಒತ್ತುತ್ತೇನೆ ಅಂದೆ. ಮಾವ ಬಿದ್ದು ಬಿದ್ದು ನಕ್ಕರು.

ಸುಖವಾಗಿದ್ದೇನೆ. ಹೀಗೆ ಬರೆದರೆ ದೃಷ್ಟಿಯಾಗುತ್ತದೇನೋ. ಇರಲಿ, ಓದುವವರು ಯಾರು?

ಜನವರಿ 30, ಗುರುವಾರ. ಸಂಜೆ 7.15

  ಇವತ್ತಿನದು ಇವತ್ತೇ ಬರೆಯಬೇಕು.

ಮಧ್ಯಾಹ್ನ 2.40ಕ್ಕೆ ಇವರ ಫೋನ್. ದನಿಯೇ ಬೇರೆ. "ಗಾಡಿ ಇಲ್ಲ ಕಣೇ. ಕದ್ದಿದ್ದಾರೆ." ಜಾವಳಿಯ ಸೋಮಶೇಖರಪ್ಪನವರ ತೋಟದಿಂದ ಇಪ್ಪತ್ತು ಮೂಟೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ, ತುಂಬಿಸಿ, ಕೊಟ್ಟಿಗೆಹಾರದ ಅದೇ ಹೋಟೆಲ್ ಮುಂದೆ ನಿಲ್ಲಿಸಿ ಒಳಗೆ ಹೋಗಿದ್ದಾರೆ. ಕೀ ಗಾಡಿಯಲ್ಲೇ. ಕೀ ತೆಗೆದುಕೊಂಡು ಹೋಗುವ ಅಭ್ಯಾಸ ಈ ಕಡೆ ಯಾರಿಗಿದೆ? ಮಾವನೂ ಬೆಳಗ್ಗೆ ಜೊತೆಯಲ್ಲಿ ಹೋಗಿದ್ದರು. ಅವರನ್ನು ಕೊಟ್ಟಿಗೆಹಾರದಲ್ಲೇ ಅವರ ತಂಗಿ ಸಾವಿತ್ರಮ್ಮನ ಮನೆಯಲ್ಲಿ ಬಿಟ್ಟಿದ್ದಾರಂತೆ, ಆ ಚಿಂತೆ ಇಲ್ಲ ಅಂದುಕೊಂಡೆ.

ಪರದೆ ನೋಡಿದೆ. ಚುಕ್ಕಿ ಘಾಟಿ ಕಡೆ. ಸ್ಪೀಡ್ 34.

ಸಾಹೇಬರು ಓಡಿ ಬಂದರು. ಕೆಳಗಿನ ಚೆಕ್‌ಪೋಸ್ಟಿಗೆ ಫೋನ್ ಹೋಯಿತು. ಇಲ್ಲಿಂದ ಜೀಪ್ ಹೊರಟಿತು, ಆದರೆ ಅದು ತಲುಪುವುದು ಯಾವಾಗ? ನಾನು ಮೌಸ್ ಹಿಡಿದು ಕಾಯುತ್ತಿದ್ದೆ. ಸಿಟ್ಟು ಬಂದಿತ್ತು, ಹೆದರಿಕೆ ಇರಲಿಲ್ಲ. ನನ್ನ ಗಂಡನ ಗಾಡಿಯನ್ನೇ ಕದ್ದಿದ್ದೀಯಲ್ಲ ಮಗನೇ, ಬಾ ಅಂತಿದ್ದೆ.

2.58. ಚುಕ್ಕಿ ನಿಂತಿತು. ಘಾಟಿಯ ನಡುವೆ. ಸ್ಪೀಡ್ ಸೊನ್ನೆ.

"ಈಗ ಒತ್ತಿ!" ಸಾಹೇಬರು ನಂಬರ್ ಓದಿದರು. ಒತ್ತಿದೆ. ಪರದೆಯಲ್ಲಿ ಉಂಗುರ ಸುತ್ತತೊಡಗಿತು. 'ಕಳುಹಿಸಲಾಗುತ್ತಿದೆ.' ಘಾಟಿಯಲ್ಲಿ ನೆಟ್‌ವರ್ಕಿನ ಕತೆ ಗೊತ್ತಲ್ಲ. ಅಲ್ಲಿಂದ ಸುದ್ದಿ ಬರುತ್ತಿದೆ, ನನ್ನ ಆರ್ಡರ್ ಹೋಗುತ್ತಿಲ್ಲ. ಮೋಹಿತ್ ಫೋನಿನಲ್ಲಿ, "ಸಿಗ್ನಲ್ ಸಿಕ್ಕಿದ ತಕ್ಷಣ ಹೋಗುತ್ತೆ ಮೇಡಂ, ತಾಳಿ" ಅಂದ.

ಅಷ್ಟರಲ್ಲಿ ಚುಕ್ಕಿ ಹೊರಟಿತು. ಸ್ಪೀಡ್ 12. 19. 26. ಪಕ್ಕದಲ್ಲಿ 'ಇಂಜಿನ್ ಆಫ್.'

"ಇಂಜಿನ್ ಆಫ್ ಇದ್ದು ಹೇಗೆ ಓಡುತ್ತೆ?" ಸಾಹೇಬರು ಕೇಳಿದರು. "ಯಾರೋ ಟೋ ಮಾಡ್ತಿದ್ದಾರೆ ಸರ್" — ಮೋಹಿತ್. "ಹಂಗಾದ್ರೆ ದೊಡ್ಡ ಗ್ಯಾಂಗು" — ಸಾಹೇಬರು.

ಮ್ಯಾಪ್ ದೊಡ್ಡದು ಮಾಡಿ ನೋಡಿದೆ. ಚುಕ್ಕಿ ನಿಂತಿದ್ದ ಜಾಗ ಅಣ್ಣಪ್ಪ ಸ್ವಾಮಿ ಗುಡಿ. ಕದ್ದು ಓಡುವವನು ಗುಡಿ ಮುಂದೆ ನಿಲ್ಲಿಸುತ್ತಾನಾ? ನಿಲ್ಲಿಸಿ, ಕೈ ಮುಗಿದು, ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುತ್ತಾನಾ?

ಕುರ್ಚಿ ಸಾಹೇಬರ ಕಡೆ ತಿರುಗಿಸಿದೆ.

"ಸರ್, ಅದು ನಮ್ಮ ಮಾವ."

"ಏನು?"

"ಓಡಿಸ್ತಿರೋದು ನಮ್ಮ ಮಾವ ಸರ್. ಹಳೇ ಜೀಪ್ ಅಂದ್ಕೊಂಡು ಇಳಿಸ್ತಿದ್ದಾರೆ. ಮೇಲೆ ಒಂದು ಟನ್ ಲೋಡಿದೆ. ಎರಡು ಸಲ ಬ್ರೇಕ್ ಒತ್ತಿದ್ರೆ ಮುಗೀತು, ಆಮೇಲೆ ಕಲ್ಲು. ಆಗ ಸ್ಟಾರ್ಟ್ ಮಾಡ್ಲೇಬೇಕು. ನಮ್ಮ ಆರ್ಡರ್ ಅಷ್ಟರೊಳಗೆ ತಲುಪಿದ್ರೆ ಸ್ಟಾರ್ಟ್ ಆಗಲ್ಲ."

ಉಂಗುರ ಸುತ್ತುತ್ತಲೇ ಇತ್ತು. ಸ್ಪೀಡ್ 31.

"ನಿಲ್ಲಿ ರುದ್ರಾಣಿ. ಮಾವನೇ ಅಂತ ಹೆಂಗ್ ಹೇಳ್ತೀರಿ? ಕಳ್ಳ ಆಗಿದ್ರೆ? ಇಪ್ಪತ್ತು ಮೂಟೆ ರೀ!"

"ಕಳ್ಳ ಆಗಿದ್ರೂ ಬ್ರೇಕ್ ಬೇಕಲ್ಲ ಸರ್."

ಹೇಳುತ್ತಲೇ ರದ್ದು ಮಾಡುವ ಬಟನ್ ಒತ್ತಿದೆ. ಪರ್ಮಿಷನ್ ಕೇಳಲಿಲ್ಲ. 'ಆರ್ಡರ್ ರದ್ದಾಗಿದೆ' ಎಂದು ಬಂತು. ಮರುಕ್ಷಣ ಚುಕ್ಕಿ ಮಾಯ. ತಿರುವಿನ ಆಚೆ ಸಿಗ್ನಲ್ಲೇ ಇಲ್ಲ.

ಒಂಬತ್ತು ನಿಮಿಷ. ಸಾವಿತ್ರಮ್ಮನಿಗೆ ಫೋನ್ ಮಾಡಿದೆ. "ಅಣ್ಣ ಊಟ ಮುಗ್ಸಿ, ಪೇಟೆ ಕಡೆ ಹೋಗ್ಬರ್ತೀನಿ ಅಂತ ಹೋದ್ನಲ್ಲ?" ಅಂದರು. ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಅಷ್ಟೂ ಹೊತ್ತು ನನಗೆ ನೆನಪಾಗುತ್ತಿದ್ದದ್ದು ನನ್ನ ಮದುವೆ ದಿಬ್ಬಣ. ಇದೇ ಘಾಟಿಯಲ್ಲಿ ನನ್ನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹತ್ತಿಸಿದವರು ಮಾವನೇ. ವಾಂತಿ ಬರುತ್ತದೆ ಅಂದಿದ್ದಕ್ಕೆ ಪ್ರತಿ ತಿರುವಿನಲ್ಲೂ ನಿಧಾನ ಮಾಡಿದ್ದರು.

3.11. ಚುಕ್ಕಿ ಬಂತು. 'ಇಂಜಿನ್ ಆನ್.' ಸ್ಪೀಡ್ 18.

ಆಮೇಲೆ ಚೆಕ್‌ಪೋಸ್ಟಿನ ಫೋನ್. "ಮೇಡಂ, ಗಾಡಿ ಹಿಡಿದ್ವಿ. ಒಬ್ರು ಅಜ್ಜ ಇದ್ದಾರೆ. ಇಲ್ಲಿ ಟೀ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದಾರೆ."

ಅತ್ತುಬಿಟ್ಟೆ. ಯೂನಿಫಾರ್ಮ್‌ನಲ್ಲಿ, ಎಲ್ಲರ ಎದುರು. ಸಾಹೇಬರೇ ನೀರು ತಂದುಕೊಟ್ಟರು.

ಜನವರಿ 31, ಶುಕ್ರವಾರ

ಇವರು ಅಪ್ಪನ ಹತ್ತಿರ ಮಾತಾಡುತ್ತಿಲ್ಲ. ನಿನ್ನೆ ಚಾರ್ಮಾಡಿಯಿಂದ ಮೂಡಿಗೆರೆವರೆಗೆ ಒಂದು ಮಾತೂ ಇಲ್ಲವಂತೆ. ಮಾವ ಮಾತ್ರ ಗೆದ್ದು ಬಂದವರಂತೆ ಊಟಕ್ಕೆ ಕೂತರು.

"ಕೀ ಗಾಡೀಲೇ ಇತ್ತು ರುದ್ರಾ. ಕೈ ಕೇಳ್ಲಿಲ್ಲ. ಒಂದು ಸುತ್ತು ಹೋಗಿ ಬರಾಣ ಅಂತ ಕೂತೆ, ಗಾಡಿ ತಾನೇ ಘಾಟಿ ಕಡೆ ಹೋಯ್ತು." ಅನ್ನಕ್ಕೆ ತಿಳಿಸಾರು ಹಾಕಿಕೊಂಡರು. "ನೀನು ಹೇಳಿದ್ದು ಹೌದು. ಮೂರನೇ ತಿರುವಲ್ಲಿ ಬ್ರೇಕ್ ಕಲ್ಲಾಯ್ತು. ಒಂಚೂರು ಗಾಬ್ರಿ ಆಯ್ತು. ಕೀ ತಿರುಗಿಸ್ದೆ ನೋಡು, ಒಂದೇ ಸಲಕ್ಕೆ ಸ್ಟಾರ್ಟ್! ಗಾಡಿ ಚೆನ್ನಾಗಿಟ್ಟಿದ್ದಾನೆ ಹಾಲೇಶ."

ಒಂದೇ ಸಲಕ್ಕೆ ಸ್ಟಾರ್ಟ್.  ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದೆ.

ಫೆಬ್ರವರಿ 1, ಶನಿವಾರ

ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮಾವನಿಗೆ ದಂಡ. ರಸೀದಿ ಬರೆದವಳು ನಾನೇ. ಹೆಸರು ಸ್ಪಷ್ಟವಾಗಿ ಬರಿ ಅಂದರು.

ಪರ್ಮಿಷನ್ ಇಲ್ಲದೆ ಆರ್ಡರ್ ರದ್ದು ಮಾಡಿದ್ದಕ್ಕೆ ನಾನು ವಿವರಣೆ ಕೊಡಬೇಕು. ಮೇಲಿನವರಿಗೆ ಹೋಗುತ್ತದೆ. ನಡೆದದ್ದು ನಡೆದ ಹಾಗೇ ಬರೆದೆ. ಸಾಹೇಬರು ಓದಿ, "'ನಮ್ಮ ಮಾವ' ಅಂತ ಬರೀಬೇಡಿ ಮೇಡಂ, 'ಸದರಿ ಚಾಲಕ' ಅಂತ ಬರೀರಿ" ಅಂದರು. ತಿದ್ದಿದೆ. ಕೆಳಗೆ ತಮ್ಮ ಕೈಯಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದರು: ನಾನು ಅದೇ ಕುರ್ಚಿಯಲ್ಲಿದ್ದರೆ ರದ್ದು ಮಾಡುತ್ತಿರಲಿಲ್ಲ, ತಪ್ಪಾಗುತ್ತಿತ್ತು. ಸಣ್ಣ ವಯಸ್ಸಿನ ಮನುಷ್ಯ. ಇಷ್ಟು ಬರೆಯಲು ದೊಡ್ಡ ಮನಸ್ಸು ಬೇಕು.

ಫೆಬ್ರವರಿ 4, ಮಂಗಳವಾರ

ಇವತ್ತು ಹೇಳಿಬಿಟ್ಟೆ. ಹೇಳಬಾರದು ಎಂದಿದ್ದೆ. ಆದರೆ ಮಾವ ಜಗಲಿಯಲ್ಲಿ ಕೂತು, "ಹಾಲೇಶಂಗೆ ಇಷ್ಟು ದಿನ ಎಂಥ ಸಿಟ್ಟು? ಗಾಡಿಗೆ ಒಂದು ಗೀರೂ ಬಿದ್ದಿಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ. ಗುಡಿಯ ಹತ್ತಿರ ಅವರು ಕೈ ಮುಗಿಯುತ್ತಿದ್ದಾಗ ನಾನು ಬಟನ್ ಒತ್ತಿದ್ದು, ಆರ್ಡರ್ ದಾರಿಯಲ್ಲಿ ಸಿಕ್ಕಿಕೊಂಡದ್ದು, ಆಮೇಲೆ ರದ್ದು ಮಾಡಿದ್ದು, ಎಲ್ಲ.

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನೀನು ರದ್ದು ಮಾಡಿ, ನಾನು ಕೀ ತಿರುಗ್ಸೋಕೆ... ಎಷ್ಟು ಹೊತ್ತಾಗಿತ್ತು?"

"ಪೆಟ್ಟಿಗೇಲಿ ಟೈಮ್ ದಾಖಲಾಗಿದೆ. ಒಂದು ನಿಮಿಷ ಇರ್ಲಿಕ್ಕಿಲ್ಲ ಮಾವ."

ಎದ್ದು ಒಳಗೆ ಹೋದರು. ಕಾಫಿಗೆ ಕರೆದರೂ ಬರಲಿಲ್ಲ. ತಪ್ಪು ಮಾಡಿದೆನಾ? ಅವರ ನಲವತ್ತು ವರ್ಷವನ್ನು ಒಂದು ಮಾತಲ್ಲಿ ಕಿತ್ತುಕೊಂಡ ಹಾಗಾಯಿತು.

ಫೆಬ್ರವರಿ 5, ಬುಧವಾರ

ಬೆಳಗ್ಗೆ ಇವರು ಗಾಡಿ ಹತ್ತುವಾಗ ಮಾವ ಗೇಟಿನ ಹತ್ತಿರ ನಿಂತು, "ಹಾಲೇಶ, ತಪ್ಪಾಯ್ತು ಮಾರಾಯ" ಅಂದರು. ಮಗನಿಗೆ ಹಾಗೆ ಹೇಳಿದ್ದನ್ನು ನಾನು ಇದೇ ಮೊದಲು ಕೇಳಿದ್ದು. ಇವರು ಕೆಳಗಿಳಿದರು. ಏನು ಮಾಡಬೇಕೆಂದು ತಿಳಿಯದೆ ಬಕೆಟ್ ತಂದು ತೊಳೆದಿದ್ದ ಗಾಡಿಯನ್ನೇ ಮತ್ತೆ ತೊಳೆಯತೊಡಗಿದರು. ಮಾವ ಪೈಪ್ ಹಿಡಿದು ನಿಂತರು. ಲೋಡಿಗೆ ಹೋಗಲು ಒಂದು ಗಂಟೆ ತಡ. ಒಳ್ಳೆಯ ದಿನ.

ಫೆಬ್ರವರಿ 17, ಸೋಮವಾರ

ಮೇಲಿನಿಂದ ಉತ್ತರ ಬಂತು. ನನಗೆ ಮೆಮೊ ಇಲ್ಲ. ಘಾಟಿಯಲ್ಲಿ ಇಂಜಿನ್ ಆಫ್ ಆಗಿ ಗಾಡಿ ಚಲಿಸುತ್ತಿದ್ದರೆ ಆರ್ಡರ್ ಕಳಿಸಕೂಡದು, ಬಾಕಿ ಇದ್ದರೆ ತಾನೇ ರದ್ದಾಗಬೇಕು ಎಂದು ಹೊಸ ನಿಯಮ. ಮೋಹಿತ್ ಪೆಟ್ಟಿಗೆಗೂ ಅದನ್ನು ಕಲಿಸುತ್ತಾನಂತೆ.

ಅದಕ್ಕಿಂತ ದೊಡ್ಡದು ಬೆಳಗ್ಗೆ ನಡೆಯಿತು. ಠಾಣೆಗೆ ಬಂದರೆ ಗೇಟಿನಿಂದ ರಸ್ತೆವರೆಗೆ ಪಿಕಪ್, ಜೀಪುಗಳ ಸಾಲು. ಹನ್ನೊಂದು. ಧರಣಿ ಇರಬೇಕೆಂದು ಹೆದರಿದೆ. ಸಂಘದ ಅಧ್ಯಕ್ಷರು ಮುಂದೆ ಬಂದರು.

"ಪೆಟ್ಟಿಗೆ ಹಾಕ್ಸಾಣ ಅಂತ ಬಂದ್ವಿ ಅಕ್ಕ."

"ಯಾಕೆ? ಅವತ್ತು ಬೇಡ ಅಂದ್ರಿ."

"ಬಟನ್ ಒತ್ತೋರು ಎಂಥೋರು ಅಂತ ಗೊತ್ತಿರ್ಲಿಲ್ಲ. ಅಜ್ಜ ವಾರದಿಂದ ಸ್ಟ್ಯಾಂಡಲ್ಲಿ ಕೂತು ಒಬ್ಬೊಬ್ರಿಗೂ ಹೇಳಿದ್ದಾರೆ. ತಾವು ಮಾಡಿದ ತಪ್ಪನ್ನೂ ಹೇಳಿದ್ರು."

ನೋಡಿದರೆ ಮೊದಲ ಜೀಪಿನ ಮುಂದಿನ ಸೀಟಿನಲ್ಲಿ ಮಾವ. ಡ್ರೈವರ್ ಪಕ್ಕದಲ್ಲಿ. ನನ್ನನ್ನು ನೋಡಿಯೂ ನೋಡದವರ ಹಾಗೆ ಕನ್ನಡಕ ಒರೆಸುತ್ತಿದ್ದರು. ಓಡಿಹೋಗಿ ಕಾಲಿಗೆ ಬೀಳೋಣ ಅನ್ನಿಸಿತು. ಯೂನಿಫಾರ್ಮ್ ಅಡ್ಡ ಬಂತು.

ಒಬ್ಬ ಅರ್ಜಿಯ ಕೊನೆಗೆ 'ರುದ್ರಾಣಿ ಅಕ್ಕ ಡ್ಯೂಟಿಯಲ್ಲಿದ್ದರೆ ಮಾತ್ರ ಒತ್ತುವುದು' ಎಂದು ಷರತ್ತು ಬರೆದಿದ್ದಾನೆ. ಸಾಹೇಬರು ಅದನ್ನು ಓದಿ, "ಇನ್ಮೇಲೆ ನಿಮಗೆ ರಜೆ ಇಲ್ಲ" ಅಂದರು.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ 12.20

ಭಾನುವಾರದ ಡ್ಯೂಟಿ. ಪರದೆಯ ಮೇಲೆ ಈಗ ಹನ್ನೆರಡು ಚುಕ್ಕಿ. ಹನ್ನೊಂದು ಅವರವರ ಮನೆ ಮುಂದೆ ನಿಂತಿವೆ. ಒಂದು ಮಾತ್ರ ಜಾವಳಿಯಲ್ಲಿ, ಸೋಮಶೇಖರಪ್ಪನವರ ತೋಟದೊಳಗಿನ ರಸ್ತೆಯಲ್ಲಿ ಓಡುತ್ತಿದೆ. ಸಮತಟ್ಟು ರಸ್ತೆ, ಎರಡೂ ತುದಿಯಲ್ಲಿ ಗೇಟ್, ಇವತ್ತು ಕೆಲಸದವರಿಲ್ಲ. ಸೋಮಶೇಖರಪ್ಪನವರೇ ಒಪ್ಪಿ ಗೇಟ್ ಮುಚ್ಚಿಸಿದ್ದಾರೆ. ಇವರು ಪಕ್ಕದ ಸೀಟಿನಲ್ಲಿ. ಸ್ಟೀರಿಂಗ್ ಹಿಡಿದಿರುವುದು ಮಾವ.

ನಿನ್ನೆ ಊಟದ ಹೊತ್ತಿಗೆ ಈ ಮಾತು ಎತ್ತಿದ್ದು ಹಾಲೇಶ್. "ಅಪ್ಪ, ನಾಳೆ ನೀವು ಓಡಿಸ್ತೀರಾ? ತೋಟದೊಳಗೆ." ಮಾವ ತಟ್ಟೆ ನೋಡುತ್ತಾ, "ರುದ್ರನ ಕೇಳು" ಅಂದರು. ಇವರು ನನ್ನನ್ನು ನೋಡಿದರು. ಹ್ಞೂಂ ಅಂದೆ. ಅಷ್ಟು ಸಣ್ಣ ಮಾತಿಗೆ ಇಬ್ಬರ ಮುಖವೂ ಅರಳಿತು.

ಐದು ನಿಮಿಷಕ್ಕೊಂದು ಫೋನ್. ಹಿಡಿದುಕೊಳ್ಳುವುದು ಇವರು, ಕೂಗುವುದು ಮಾವ. "ರುದ್ರಾ, ನೋಡ್ತಿದ್ದೀಯಾ? ಇಂಜಿನ್ ಆನ್ ಇದ್ಯಾ?" ಇದೆ ಮಾವ. "ಸರಿಯಾಗಿ ನೋಡು!" ಆನ್ ಇದೆ ಮಾವ, ನೋಡ್ತಾನೇ ಇದ್ದೀನಿ.

ಮೌಸ್ ದೂರ ಸರಿಸಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದೇನೆ. ಬರೆಯಲು ಮಾತ್ರ ಒಂದು ಕೈ. ಚುಕ್ಕಿ ತುದಿಗೆ ಹೋಗುತ್ತದೆ, ತಿರುಗುತ್ತದೆ, ಬರುತ್ತದೆ.

ಮತ್ತೆ ಫೋನ್ ರಿಂಗಾಗುತ್ತಿದೆ. ಈ ಸಲ ಸ್ಪೀಡ್ ಎಷ್ಟೆಂದು ಕೇಳುತ್ತಾರೆ, ಗೊತ್ತು. ಪರದೆಯಲ್ಲಿ ಹದಿಮೂರು. ಹದಿಮೂರು ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಹದಿನೆಂಟು ಅನ್ನುತ್ತೇನೆ. ಬೇಡ, ಇಪ್ಪ—